ಮಲಕ್ಕಾ ಸುಲ್ತಾನರ ಇತಿಹಾಸ: 1262ಓ 1400ಓ? ಯಾವ ಮೂಲವನ್ನು ನಂಬೋದು?

ಕ್ಲಾಂಗ್_ಕನ್ನಡತಿ
ಎಲ್ಲರಿಗೂ ನಮಸ್ಕಾರ. ನಾವು ಮಲೇಷ್ಯಾಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಮಗಳು ಇಲ್ಲೇ ಓದುತ್ತಿದ್ದಾಳೆ. ಹೋದ ವಾರ ಪರೀಕ್ಷೆಯಲ್ಲಿ ಮಲಕ್ಕಾ ಸುಲ್ತಾನರ ರಾಜ್ಯ ಶುರುವಾಗಿದ್ದು ಯಾವ ವರ್ಷ ಅಂತ ಪ್ರಶ್ನೆ ಬಂದಿತ್ತು. ಇವಳು 1262 ಅಂತ ಬರೆದಿದ್ದಾಳೆ. ಕೆಂಪು ಪೆನ್ನಲ್ಲಿ ಅಡ್ಡಗೀಟು, ಪಕ್ಕದಲ್ಲಿ 1400. ರಜದಲ್ಲಿ ಮಲಕ್ಕಾಗೆ ಹೋದಾಗ ಅಲ್ಲಿನ ಗೈಡೇ 1262 ಅಂದಿದ್ದರು, ಇವಳು ಅದನ್ನು ನೆನಪಿಟ್ಟುಕೊಂಡು ಬರೆದಳು. ರಾತ್ರಿ ಊಟಕ್ಕೆ ಕೂತಾಗ "ಅಮ್ಮಾ, ಯಾರು ಸುಳ್ಳು ಹೇಳ್ತಿದ್ದಾರೆ?" ಅಂತ ಅತ್ತಳು.

ನಾನೂ ಓದೋಕೆ ಶುರು ಮಾಡಿದೆ, ಇನ್ನಷ್ಟು ಗೊಂದಲ ಆಯಿತು. ಒಂದು ಕಡೆ ಸ್ಥಾಪಕ ಪರಮೇಶ್ವರ. ಇನ್ನೊಂದು ಕಡೆ ಇಸ್ಕಂದರ್ ಶಾ. ಮತ್ತೊಂದು ಕಡೆ ಇಬ್ಬರೂ ಒಬ್ಬನೇ, ಮತ ಬದಲಾಯಿಸಿ ಹೆಸರು ಬದಲಾಯಿಸಿಕೊಂಡ ಅಂತಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಶಾಸನಪ್ರಿಯ
ಉತ್ತರ ಸರಳ, 1400ರ ಆಸುಪಾಸು. 1262 ಅನ್ನೋದು 2010ರಲ್ಲಿ ಅಲ್ಲಿನ ಕೆಲವರು ಮುಂದಿಟ್ಟ ಲೆಕ್ಕ. "ಸೆಜಾರಾ ಮೆಲಾಯು" ಅನ್ನೋ ಮಲಯ ರಾಜಚರಿತ್ರೆಯಲ್ಲಿ ಒಬ್ಬೊಬ್ಬ ರಾಜ ಇಷ್ಟಿಷ್ಟು ವರ್ಷ ಆಳಿದ ಅಂತ ಬರೆದಿದೆ. ಅದನ್ನು ಹಿಂದಕ್ಕೆ ಕೂಡುತ್ತಾ ಹೋದರೆ ಅಲ್ಲಿಗೆ ಮುಟ್ಟುತ್ತೆ. ಆದರೆ ಅದೇ ಪುಸ್ತಕದಲ್ಲಿ ವಂಶ ಅಲೆಕ್ಸಾಂಡರನಿಂದ ಶುರುವಾಗುತ್ತದೆ, ಚೋಳ ರಾಜ ಗಾಜಿನ ಪೆಟ್ಟಿಗೆಯಲ್ಲಿ ಕೂತು ಸಮುದ್ರದೊಳಗೆ ಇಳಿದು ಅಲ್ಲಿನ ರಾಜಕುಮಾರಿಯನ್ನು ಮದುವೆಯಾಗುತ್ತಾನೆ. ಅಂಥ ಕಥೆಯಿಂದ ಇಸವಿ ತೆಗೆಯೋದು ಸರಿಯಲ್ಲ.

ಸಿಂಗಾಪುರ_ಸೀನು
ಅಕ್ಕಾ, ಚೀನಾದ ದಾಖಲೆಗಳಿಂದ ಶುರು ಮಾಡಿದರೆ ಗೊಂದಲ ಅರ್ಧ ಕಡಿಮೆ ಆಗುತ್ತದೆ. ಮಿಂಗ್ ಅರಮನೆಯ ದಿನಚರಿಯಂಥ ಬರಹ "ಮಿಂಗ್ ಷಿಲು". ಒಬ್ಬೊಬ್ಬ ಚಕ್ರವರ್ತಿ ತೀರಿಕೊಂಡ ಮೇಲೆ ಕಚೇರಿ ಕಾಗದಗಳನ್ನೆಲ್ಲ ಸೇರಿಸಿ ಬರೆಸುತ್ತಿದ್ದರು. ಅದರ ಪ್ರಕಾರ 1403ರಲ್ಲಿ ಯಿನ್ ಚಿಂಗ್ ಅನ್ನೋ ಅಧಿಕಾರಿಯನ್ನು ಮಲಕ್ಕಾಗೆ ಕಳಿಸಿದರು. 1405ರಲ್ಲಿ ಮಲಕ್ಕಾದ ದೂತರು ಅಲ್ಲಿಗೆ ಹೋದರು. 1411ರಲ್ಲಿ ರಾಜನೇ ಹೋದ, ಹೆಂಡತಿ ಮಕ್ಕಳು ಪರಿವಾರ ಎಲ್ಲ ಸೇರಿ 540 ಜನ. ಅವನ ಹೆಸರನ್ನು ಅವರು ಬರೆದಿದ್ದು "ಬೈ-ಲಿ-ಮಿ-ಸು-ಲ". ಜೋರಾಗಿ ಓದಿ ನೋಡಿ. ಪರಮೇಶ್ವರ!

1414ರಲ್ಲಿ ಇನ್ನೊಬ್ಬ ಬಂದ. ಅವನ ಹೆಸರಲ್ಲಿ ಇಸ್ಕಂದರ್ ಶಾ ಅಂತ ಬರುತ್ತದೆ. ನಮ್ಮಪ್ಪ ತೀರಿಕೊಂಡರು ಅಂತ ಹೇಳಿದ, ಅವನಿಗೆ ಪಟ್ಟ ಕೊಟ್ಟರು. ಅಲ್ಲಿಗೆ ಅಪ್ಪ ಬೇರೆ ಮಗ ಬೇರೆ ಅಂತ ಆಯಿತಲ್ವಾ? 1424ರಲ್ಲಿ ಮೂರನೆಯವನು, ಶ್ರೀ ಮಹಾರಾಜ. ಹಳೆಯ ಇಂಗ್ಲಿಷ್ ಇತಿಹಾಸಕಾರರು ಮೊದಲ ಇಬ್ಬರನ್ನೂ ಒಬ್ಬನೇ ಅಂದುಕೊಂಡಿದ್ದರು. 1968ರಲ್ಲಿ ವಾಂಗ್ ಗುಂಗ್‌ವು ಅವರು ಚೀನೀ ದಾಖಲೆಗಳನ್ನು ಮತ್ತೆ ಓದಿ, ಮೂವರು ಬೇರೆ ಬೇರೆ ರಾಜರು ಅಂತ ತೋರಿಸಿದರು. ಷಿಲುವಿನ ಆಗ್ನೇಯ ಏಷ್ಯಾದ ಭಾಗಗಳು ಇಂಗ್ಲಿಷಿನಲ್ಲಿ ಇಂಟರ್‌ನೆಟ್ಟಿನಲ್ಲೇ ಸಿಗುತ್ತವೆ, ಮಗಳ ಕೈಲೇ ಹುಡುಕಿಸಿ.

ಪುಟ್ಟಹಕ್ಕಿ
540 ಜನ ಹಡಗಲ್ಲಿ ಚೀನಾಕ್ಕೆ! ಆ ಕಾಲಕ್ಕೆ ಊರಲ್ಲಿ ಉಳಿದಿದ್ದವರು ಎಷ್ಟು ಜನ ಅಂತ?

ಸಿಂಗಾಪುರ_ಸೀನು
@ಪುಟ್ಟಹಕ್ಕಿ, ಪ್ರಶ್ನೆ ಸರಿಯಾಗೇ ಇದೆ. ಅಷ್ಟು ಜನರನ್ನು ಕರೆದುಕೊಂಡು ರಾಜ ಹೊರಟ ಅಂದರೆ ಅವನಿಗೆ ಚೀನಾದ ಬೆಂಬಲ ಎಷ್ಟು ಬೇಕಿತ್ತು ನೋಡಿ. ಮಿಂಗ್ ನೌಕಾಪಡೆಯ ನಾಯಕ ಝೆಂಗ್ ಹೆ ಜೊತೆ ಬಂದಿದ್ದ ಮಾ ಹುವಾನ್ ಬರೆದಿದ್ದಾನೆ, ಮಲಕ್ಕಾ ಮೊದಲು ಸಯಾಮಿಗೆ (ಈಗಿನ ಥಾಯ್ಲೆಂಡ್) ವರ್ಷಕ್ಕೆ 40 ಲಿಯಾಂಗ್ (ಚೀನಾದ ತೂಕದ ಅಳತೆ) ಚಿನ್ನ ಕಪ್ಪ ಕೊಡುತ್ತಿತ್ತು ಅಂತ. ಚೀನಾದ ನೆರಳಿಗೆ ಬಂದ ಮೇಲೆ ಸಯಾಮ್ ಸುಮ್ಮನಾಗಬೇಕಾಯಿತು.

ನೆಲ್ಲಿಕಟ್ಟೆ
ಇಸವಿ ಜಗಳದ ಮಧ್ಯೆ ಒಂದು ಮಾತು. ಮಲಕ್ಕಾ ಅನ್ನೋ ಹೆಸರು ಬಂದಿದ್ದು ಮರದಿಂದ ಅಂತ ಸೆಜಾರಾ ಮೆಲಾಯು ಹೇಳುತ್ತದೆ. ರಾಜ ಬೇಟೆಗೆ ಬಂದು ಮರಕ್ಕೆ ಒರಗಿ ನಿಂತಿರುತ್ತಾನೆ. ಅವನ ನಾಯಿಯನ್ನು ಒಂದು ಬಿಳಿ ಬರಿಂಕ, ಅಂದರೆ ಪುಟ್ಟ ಜಿಂಕೆಯಂಥ ಪ್ರಾಣಿ, ಒದ್ದು ನೀರಿಗೆ ಬೀಳಿಸುತ್ತದೆ. ಇಲ್ಲಿ ಬರಿಂಕಕ್ಕೂ ಇಷ್ಟು ಕೆಚ್ಚು, ಇಲ್ಲೇ ಪಟ್ಟಣ ಕಟ್ಟೋಣ, ಇದು ಯಾವ ಮರ ಅಂತ ಕೇಳುತ್ತಾನೆ. ಮಲಕಾ ಮರ ಅಂತಾರೆ. ಆ ಮರ ಯಾವುದು ಗೊತ್ತಾ? ನಮ್ಮ ಬೆಟ್ಟದ ನೆಲ್ಲಿ! ಸಂಸ್ಕೃತದ ಆಮಲಕ. ಮಲಕ್ಕಾದ ನದಿ ದಂಡೆಯಲ್ಲಿ ಪ್ರವಾಸಿಗಳಿಗೆ ಅಂತ ಬೆಳೆಸಿದ ಗಿಡ ನೋಡಿದೆ. ಹುಣಸೆ ಸೊಪ್ಪಿನಂಥ ಸಣ್ಣ ಸಣ್ಣ ಎಲೆ, ಕೊಂಬೆಗೆ ಅಂಟಿಕೊಂಡ ತಿಳಿ ಹಸಿರು ಕಾಯಿ. ಒಂದು ಕಚ್ಚಿ ನೀರು ಕುಡಿದೆ, ಬಾಯೆಲ್ಲ ಸಿಹಿ. ನಮ್ಮ ಊರಿನ ಗುಡ್ಡದಲ್ಲಿ ನಿಂತ ಹಾಗಾಯಿತು.

ಮತ್ತೆ ಆ ನಾಯಿ ಕಥೆ, ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ತುಂಗಭದ್ರೆ
ಹಂಪಿ!! ಹಕ್ಕ ಬುಕ್ಕ ಬೇಟೆಗೆ ಹೋದಾಗ ಮೊಲ ತಿರುಗಿಬಿದ್ದು ನಾಯಿಗಳನ್ನು ಅಟ್ಟಿಸಿಕೊಂಡು ಹೋಯಿತು, ವಿದ್ಯಾರಣ್ಯರು ಇಲ್ಲೇ ಪಟ್ಟಣ ಕಟ್ಟಿ ಅಂದರು. ಚಿಕ್ಕಂದಿನಲ್ಲಿ ನಮ್ಮಜ್ಜ ಹೇಳುತ್ತಿದ್ದರು. ಆನೆಗೊಂದಿ ಕಡೆ ಕೈ ತೋರಿಸಿ, ಅಗೋ ಅಲ್ಲಿಂದಲೇ ಬಂದಿದ್ದು ಮೊಲ ಅಂತಿದ್ದರು. ಅವರೇ ನೋಡಿದ ಹಾಗೆ.

ಶಾಸನಪ್ರಿಯ
ನೀವೇ ನನ್ನ ವಾದಕ್ಕೆ ಬಲ ಕೊಟ್ಟಿರಿ. ಇದೇ ಕಥೆ ಅಹಮದಾಬಾದಿಗೂ ಇದೆ. ಮೂರು ಪಟ್ಟಣಕ್ಕೆ ಒಂದೇ ಕಥೆ ಅಂದ ಮೇಲೆ ಅದು ಘಟನೆ ಅಲ್ಲ, ಅಚ್ಚು. ಅಂಥ ಅಚ್ಚು ಇರುವ ಪುಸ್ತಕವನ್ನು ಪುರಾವೆ ಅಂತ ಹಿಡಿಯಬಾರದು.

ಕೈಫಿಯತ್ತು
ಶಾಸನಪ್ರಿಯರೇ, ಇಲ್ಲಿ ನನ್ನದು ಪೂರ್ತಿ ಭಿನ್ನಾಭಿಪ್ರಾಯ. ಮೊಲದ ಕಥೆಯನ್ನು ಪೋರ್ಚುಗೀಸ್ ನೂನಿಜ್ ಕೂಡ ವಿಜಯನಗರದ ಬಗ್ಗೆ ಬರೆದಿದ್ದಾನೆ. ಹಾಗಂತ ನೂನಿಜ್ ಬರೆದ ಮಹಾನವಮಿ, ತೆರಿಗೆ, ರಾಯಚೂರು ಯುದ್ಧ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕುತ್ತೀವಾ? ಇಲ್ಲ. ಒಂದೇ ಪುಸ್ತಕದಲ್ಲಿ ಕಥೆ ಒಂದು ಪದರ, ಕಣ್ಣಾರೆ ಕಂಡದ್ದು ಇನ್ನೊಂದು ಪದರ. ಬಿಡಿಸಿಕೊಂಡು ಓದಬೇಕು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. ನಿವೃತ್ತಿ ಆದ ಮೇಲೆ ಮೆಕೆಂಜಿ ಕೈಫಿಯತ್ತುಗಳನ್ನು, ಅಂದರೆ ಬ್ರಿಟಿಷ್ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ ಕೂಡಿಹಾಕಿಸಿದ ಊರುಗಳ ಚರಿತ್ರೆಗಳನ್ನು, ಓದುತ್ತಾ ಕೂತಿದ್ದೇನೆ. ಅಲ್ಲೂ ಹೀಗೆಯೇ. ಊರು ಹುಟ್ಟಿದ್ದಕ್ಕೆ ಹುತ್ತ, ಹಸು, ಹಾವು. ಎರಡು ಪುಟ ದಾಟಿದರೆ ಕೆರೆ ಯಾರು ಕಟ್ಟಿಸಿದರು, ಮಾನ್ಯ ಯಾರಿಗೆ ಬಿಟ್ಟರು ಅಂತ ಗಟ್ಟಿ ವಿವರ.

ಇನ್ನೊಂದು ಸಂಗತಿ ಕೇಳಿ. ಸೆಜಾರಾ ಮೆಲಾಯುವನ್ನು ಮೊದಲು ಇಂಗ್ಲಿಷಿಗೆ ತಂದವರು ಜಾನ್ ಲೇಡನ್. ಅವರು ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ವೈದ್ಯರಾಗಿದ್ದವರು, ಶ್ರೀರಂಗಪಟ್ಟಣದಲ್ಲಿ ಕಾಯಿಲೆ ಬಿದ್ದು ಮಲಗಿದ್ದವರು! ಆಮೇಲೆ ಪೆನಾಂಗಿಗೆ ಹೋಗಿ ಬ್ರಿಟಿಷ್ ಅಧಿಕಾರಿ ರಾಫೆಲ್ಸರ ಸ್ನೇಹ ಆಗಿ ಮಲಯ ಕಲಿತರು. 1811ರಲ್ಲಿ ಬಟಾವಿಯಾದಲ್ಲಿ ತೀರಿಕೊಂಡರು, ಅನುವಾದ ಅಚ್ಚಾಗಿದ್ದು 1821ರಲ್ಲಿ. ಆ 1811ರ ಜಾವಾ ದಂಡಿನಲ್ಲಿ ಮೆಕೆಂಜಿಯೂ ಇದ್ದರು. ನಮ್ಮ ಕಡೆ ಕೈಫಿಯತ್ತು ಕೂಡಿಹಾಕಿದವರೇ ಅಲ್ಲೂ ಇದ್ದರು ಅಂತ ತಿಳಿದಾಗ ನನಗೆ ಎಷ್ಟು ಖುಷಿ ಆಯಿತು ಅಂತ ಹೇಳಲಾರೆ.

ಹೊನ್ನಾವರದವ
ಮಾರಾಯ್ರೇ, ಪೋರ್ಚುಗೀಸರ ಮಾತು ಬಂತಲ್ಲ, ನಮ್ಮೂರನ್ನು ಬಿಡುವ ಹಾಗಿಲ್ಲ. 1510ರಲ್ಲಿ ಅಲ್ಬುಕರ್ಕನಿಗೆ ಗೋವೆ ಹಿಡಿ ಅಂತ ದಾರಿ ತೋರಿಸಿದ್ದು ಹೊನ್ನಾವರದ ತಿಮ್ಮಯ್ಯ. ಗೋವೆ ಕೈಗೆ ಬಂದ ಮರುವರ್ಷವೇ, ಅಂದರೆ 1511ರ ಆಗಸ್ಟಿನಲ್ಲಿ, ಅದೇ ಅಲ್ಬುಕರ್ಕ ಮಲಕ್ಕಾ ಹಿಡಿದ. ಹದಿನೇಳು ಹದಿನೆಂಟು ಹಡಗು, ಸಾವಿರ ಚಿಲ್ಲರೆ ಜನ, ಅದರಲ್ಲಿ ಮಲಬಾರಿನವರೂ ಸೇರಿದ್ದರು. ಗೋವೆ ಇಲ್ಲದಿದ್ದರೆ ಮಲಕ್ಕಾ ಅಷ್ಟು ಸುಲಭ ಆಗುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ತುಂಗಭದ್ರೆ
ತಿಮ್ಮಯ್ಯನ ಕಥೆಗೆ ಬೇರೆ ಚರ್ಚೆ ಶುರು ಮಾಡಿ ಸರ್, ಅಲ್ಲಿ ನನ್ನದೂ ಜಗಳ ಇದೆ. ಇಲ್ಲಿ ಮಲಕ್ಕಾ ಮಾತಾಡೋಣ.

ಶಾಸನಪ್ರಿಯ
ಪೋರ್ಚುಗೀಸರಲ್ಲಿ ನನಗೆ ನಂಬಿಕೆ ಇರುವುದು ತೊಮೆ ಪಿರೆಸ್ ಮೇಲೆ. ಔಷಧಿ ವ್ಯಾಪಾರ ಗೊತ್ತಿದ್ದವನು. ಮಲಕ್ಕಾ ಬಿದ್ದ ಮರುವರ್ಷವೇ ಅಲ್ಲಿಗೆ ಹೋಗಿ ಲೆಕ್ಕಪತ್ರ ನೋಡಿಕೊಂಡಿದ್ದ. 1512ರಿಂದ 1515ರ ಒಳಗೆ ಬರೆದ. ಊರಿನಲ್ಲಿ 84 ಭಾಷೆ ಕೇಳಿಸುತ್ತಿದ್ದವು ಅಂತಾನೆ. ನಾಲ್ಕು ಶಾಬಂದರರು, ಅಂದರೆ ಬಂದರಿನ ಅಧಿಕಾರಿಗಳು, ಇದ್ದರು. ಗುಜರಾತಿಗಳಿಗೇ ಒಬ್ಬ, ಕ್ಲಿಂಗ್ (ದಕ್ಷಿಣ ಭಾರತದವರು) ಬಂಗಾಳಿ ಪೆಗು ಕಡೆಯವರಿಗೆ ಒಬ್ಬ, ಜಾವಾ ಮಲುಕು ಕಡೆಗೆ ಒಬ್ಬ, ಚೀನಾ ರಿಯುಕ್ಯು ಚಂಪಾಕ್ಕೆ ಒಬ್ಬ. ಆ ಹಸ್ತಪ್ರತಿ ಕಳೆದೇ ಹೋಗಿದೆ ಅಂದುಕೊಂಡಿದ್ದರು, 1937ರಲ್ಲಿ ಪ್ಯಾರಿಸಿನಲ್ಲಿ ಸಿಕ್ಕಿತು.

ಮತ್ತೆ ಸ್ಥಾಪಕನ ವಿಷಯ. ಪಿರೆಸ್ ಪ್ರಕಾರ ಪರಮೇಶ್ವರ ಸುಮಾತ್ರಾದ ಪಾಲೆಂಬಾಂಗಿನಿಂದ ಓಡಿ ಸಿಂಗಾಪುರಕ್ಕೆ ಬಂದ. ಇಟ್ಟುಕೊಂಡು ಸತ್ಕಾರ ಮಾಡಿದ ಅಲ್ಲಿನ ದೊರೆಯನ್ನು ಎಂಟು ದಿನದಲ್ಲಿ ಕೊಂದ. ಐದು ವರ್ಷ ಆಳಿದ. ಸಯಾಮಿನ ಕಡೆಯವರು ಓಡಿಸಿದರು. ಮೂವಾರ್ ದಾಟಿ ಮಲಕ್ಕಾಗೆ ಬಂದ. ಸೆಜಾರಾ ಮೆಲಾಯುವಿನಲ್ಲಿ ಈ ಕೊಲೆಯ ಸುದ್ದಿಯೇ ಇಲ್ಲ. ಪರಮೇಶ್ವರ ಅನ್ನೋ ಸ್ಥಾಪಕನೇ ಇಲ್ಲ! ಇಸ್ಕಂದರ್ ಶಾ ಸಿಂಗಾಪುರದ ಐದನೇ ರಾಜ, ಜಾವಾದ ಮಜಪಾಹಿತ್ ರಾಜ್ಯ ದಾಳಿ ಮಾಡಿದಾಗ ಹೊರಟು ಬಂದ ಅಷ್ಟೇ. ಆಸ್ಥಾನದ ಹೊಗಳುಭಟ್ಟರು ಮನೆತನದ ಕಳಂಕ ಒರೆಸಿ ಹಾಕಿದ್ದಾರೆ.

ಕ್ಲಾಂಗ್_ಕನ್ನಡತಿ
ಇಷ್ಟು ಬೇಗ ಇಷ್ಟೊಂದು ಉತ್ತರ! ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಪಿರೆಸ್ ಬರೆದಿದ್ದು ಪರಮೇಶ್ವರ ಸತ್ತು ನೂರು ವರ್ಷ ಆದ ಮೇಲೆ ಅಲ್ವಾ? ಅವನಿಗೆ ಯಾರು ಹೇಳಿದರು?

ಸಿಂಗಾಪುರ_ಸೀನು
ಅಕ್ಕಾ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಅವನಿಗೆ ಹೇಳಿದವರು ಊರಿನ ವ್ಯಾಪಾರಿಗಳು. ಜಾವಾದವರ ಮಾತನ್ನೂ ಅವನು ಆಧಾರ ಮಾಡಿಕೊಂಡಿದ್ದಾನೆ. ಜಾವಾದವರಿಗೆ ಪಾಲೆಂಬಾಂಗಿನಿಂದ ತಪ್ಪಿಸಿಕೊಂಡು ಹೋದವನ ಬಗ್ಗೆ ಒಳ್ಳೆಯ ಮಾತು ಯಾಕೆ ಬಂದೀತು? ಮೇಲಾಗಿ ಪೋರ್ಚುಗೀಸರಿಗೆ ಈ ವಂಶವೇ ಮೋಸದಿಂದ ಬಂದದ್ದು ಅಂತ ತೋರಿಸಿದರೆ ಅನುಕೂಲ. ಚೀನಾದವರೂ ಹಾಗೆಯೇ, ಯಾರು ಏನು ತಂದರೂ "ಕಪ್ಪ ತಂದರು" ಅಂತಲೇ ಬರೆಯೋದು. ಇಸವಿಗೆ ಚೀನಾದವರನ್ನು ನಂಬಿ, ಮಾರುಕಟ್ಟೆಯ ವಿಷಯಕ್ಕೆ ಪಿರೆಸನನ್ನು ನಂಬಿ. ಅಪ್ಪ ಮಗ ಬೇರೆ ಅನ್ನೋದು ಮಾತ್ರ ಇಬ್ಬರಲ್ಲೂ ಇದೆ, ಅದಕ್ಕೇ ಅದು ಗಟ್ಟಿ.

ಕೈಫಿಯತ್ತು
ಶಾಸನಪ್ರಿಯರು "ಹೊಗಳುಭಟ್ಟರು" ಅಂದರು. ಇದಕ್ಕೆ ಉತ್ತರ ಕೊಡದೆ ಮಲಗಲಾರೆ. ಪುಸ್ತಕ ಪೂರ್ತಿ ಓದಿದ್ದೀರಾ? ಅದರಲ್ಲಿ ರಾಜರ ತಪ್ಪನ್ನು ಹೇಳಿದಷ್ಟು ನೇರವಾಗಿ ಯಾವ ಆಸ್ಥಾನದ ಬರಹದಲ್ಲಿ ಹೇಳಿದ್ದಾರೆ ತೋರಿಸಿ.

ಸಿಂಗಾಪುರಕ್ಕೆ ತೊಡಕು ಮೀನುಗಳು ನುಗ್ಗಿದ ಪ್ರಸಂಗ ಇದೆ. ತೊಡಕು ಅಂದರೆ ಸೂಜಿಯಂಥ ಉದ್ದ ಮೂತಿಯ ಮೀನು. ದಡಕ್ಕೆ ಹಾರಿ ಜನರ ಎದೆಗೆ ಚುಚ್ಚುತ್ತವೆ. ರಾಜ ಸೈನಿಕರ ಕಾಲುಗಳನ್ನೇ ಬೇಲಿಯಂತೆ ನಿಲ್ಲಿಸುತ್ತಾನೆ, ರಾಶಿ ರಾಶಿ ಹೆಣ ಬೀಳುತ್ತವೆ. ಒಬ್ಬ ಹುಡುಗ ಬಂದು, ಜನರ ಕಾಲು ಯಾಕೆ, ಬಾಳೆ ದಿಂಡು ನಿಲ್ಲಿಸಿ ಅಂತಾನೆ. ನಿಲ್ಲಿಸುತ್ತಾರೆ. ಮೀನಿನ ಮೂತಿ ದಿಂಡಿಗೆ ನಾಟಿ ಸಿಕ್ಕಿಬೀಳುತ್ತವೆ. ಊರು ಉಳಿಯುತ್ತದೆ. ಇಷ್ಟು ಚಿಕ್ಕವನಿಗೇ ಇಷ್ಟು ಬುದ್ಧಿ, ದೊಡ್ಡವನಾದರೆ ಏನು ಮಾಡಿಯಾನೋ ಅಂತ ಹೆದರಿಸುತ್ತಾರೆ. ರಾಜ ಆ ಹುಡುಗನನ್ನು ಕೊಲ್ಲಿಸುತ್ತಾನೆ. ಅವನ ರಕ್ತದ ಋಣ ಊರಿನ ಮೇಲೆ ಉಳಿಯಿತು ಅಂತ ಬರೆದಿದೆ.

ಇದು ಹೊಗಳಿಕೆಯಾ?

ಮೊದಲ ರಾಜನಿಗೂ ಪ್ರಜೆಗಳ ಮುಖ್ಯಸ್ಥನಿಗೂ ಒಂದು ಮಾತುಕತೆ ಆಗಿರುತ್ತದೆ. ರಾಜ ಪ್ರಜೆಗಳನ್ನು ಬೈದು ಅವಮಾನ ಮಾಡಬಾರದು, ಪ್ರಜೆಗಳು ರಾಜದ್ರೋಹ ಮಾಡಬಾರದು. ಸಿಂಗಾಪುರ ಬಿದ್ದದ್ದು ಯಾಕೆ ಅನ್ನೋದಕ್ಕೆ ಪುಸ್ತಕ ಕೊಡುವ ಕಾರಣ ನೋಡಿ. ಇಸ್ಕಂದರ್ ಶಾ ಒಬ್ಬ ಅಧಿಕಾರಿಯ ಮಗಳನ್ನು, ತಪ್ಪಿಲ್ಲದಿದ್ದರೂ, ಸಂತೆಯಲ್ಲಿ ಅವಮಾನ ಮಾಡಿಸಿದ. ಅವಳ ಅಪ್ಪ ಕೋಟೆ ಬಾಗಿಲು ತೆರೆದ. ಇಸವಿ ತಪ್ಪಿರಬಹುದು. ಆದರೆ ಅಧಿಕಾರ ಯಾವಾಗ ಕೊಳೆಯುತ್ತದೆ ಅನ್ನೋದು ಆ ಬರಹಗಾರನಿಗೆ ಚೆನ್ನಾಗಿ ಗೊತ್ತಿತ್ತು. ಪೋರ್ಚುಗೀಸರು ಬರುವ ಮುಂಚೆ ಸುಲ್ತಾನ್ ಮಹಮೂದ್ ತನ್ನ ಬೆಂದಹಾರನನ್ನು, ಅಂದರೆ ಪ್ರಧಾನ ಮಂತ್ರಿಯನ್ನು, ಮನೆಮಂದಿ ಸಮೇತ ಕೊಲ್ಲಿಸಿದ್ದನ್ನೂ ಅದು ಮುಚ್ಚಿಟ್ಟಿಲ್ಲ.

ಪುಟ್ಟಹಕ್ಕಿ
ಬಾಳೆ ದಿಂಡಿನ ಹುಡುಗ 😢

ಶಾಸನಪ್ರಿಯ
ಕೈಫಿಯತ್ತು ಸರ್, ಹೊಗಳುಭಟ್ಟರು ಅನ್ನೋ ಮಾತು ವಾಪಸ್ ತೆಗೆದುಕೊಂಡೆ. ಅವಸರದಲ್ಲಿ ಬರೆದೆ. ಆದರೆ ಮೂಲ ತಕರಾರು ಬಿಡಲ್ಲ. ಪ್ರಸ್ತಾವನೆಯಲ್ಲಿ 1612 ಅಂತ ಇದೆ. ಅಂದರೆ ಮಲಕ್ಕಾ ಬಿದ್ದು ನೂರು ವರ್ಷ ಆದ ಮೇಲೆ, ಜೊಹೋರಿನಲ್ಲಿ ಕೂತು ಬರೆದದ್ದು. ಕಲ್ಲು ಏನು ಹೇಳುತ್ತೆ? ಸುಲ್ತಾನ್ ಮನ್ಸೂರ್ ಶಾ ಗೋರಿಕಲ್ಲು ಸಿಕ್ಕಿದೆ, 1477. ಮುಜಫ್ಫರ್ ಶಾ ಹೆಸರಿನ ತವರದ ನಾಣ್ಯ ಸಿಕ್ಕಿವೆ. ಅಲ್ಲಿ ನನಗೆ ಕಾಲಿಡಲು ನೆಲ ಇದೆ.

ಸಿಂಗಾಪುರ_ಸೀನು
ಕಲ್ಲು ಇನ್ನೂ ಜಾಸ್ತಿ ಸಿಗುತ್ತಿತ್ತು. ಅಲ್ಬುಕರ್ಕ ಕೋಟೆ ಕಟ್ಟಲು ಮಸೀದಿ, ಗೋರಿಗಳ ಕಲ್ಲನ್ನೇ ಕಿತ್ತು ಬಳಸಿದ. ಕಲ್ಲು ಇಲ್ಲ ಅಂತ ಆ ಜನರ ಮಾತನ್ನೂ ಕೇಳದಿದ್ದರೆ ಎರಡು ಸಲ ಅನ್ಯಾಯ ಮಾಡಿದ ಹಾಗೆ ಅಂತ ನನಗನಿಸುತ್ತೆ.

ಹೊನ್ನಾವರದವ
ಇದು ಸರಿ. ನಮ್ಮ ಗೇರುಸೊಪ್ಪೆಯಲ್ಲೂ ಎಷ್ಟು ಕಲ್ಲು ಎಲ್ಲೆಲ್ಲಿ ಸೇರಿದೆಯೋ ದೇವರಿಗೇ ಗೊತ್ತು.

ನೆಲ್ಲಿಕಟ್ಟೆ
1612ರ ಪ್ರಸ್ತಾವನೆ ಅಂದಿರಲ್ಲ, ಅದರಲ್ಲೇ ಒಂದು ಒಗಟಿದೆ. "ಗೋವಾದಿಂದ ತಂದ ಒಂದು ಮಲಯ ಹಿಕಾಯತ್ (ಕಥನ) ಇದೆ, ಅದನ್ನು ತಿದ್ದಿ ಬರೆಯಿರಿ" ಅನ್ನೋ ಅರ್ಥದ ಮಾತು ಬರುತ್ತದೆ. ಗೋವಾ ಅಂದರೆ ನಮ್ಮ ಪಕ್ಕದ ಗೋವೆನಾ? ಪೋರ್ಚುಗೀಸರು ಮಲಕ್ಕಾದಿಂದ ಹೊತ್ತೊಯ್ದ ಹಸ್ತಪ್ರತಿ ಅಲ್ಲಿಂದ ವಾಪಸ್ ಬಂತಾ? ಅಥವಾ ಇಂಡೋನೇಷ್ಯಾ ಕಡೆಯ ಸುಲವೇಸಿ ದ್ವೀಪದ ಗೋವಾ ರಾಜ್ಯನಾ? ಅರಬ್ಬೀ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತೆ.

ಹೊನ್ನಾವರದವ
ನಮ್ಮ ಗೋವೆಯೇ! ಎಲ್ಲವೂ ಅಲ್ಲಿಗೇ ಹೋಗುತ್ತಿತ್ತು. ಪೋರ್ಚುಗೀಸರ ಏಷ್ಯಾದ ರಾಜಧಾನಿ ಅದು.

ಕೈಫಿಯತ್ತು
ಹೊನ್ನಾವರದವರೇ, ಆಸೆ ಬೇರೆ, ಪುರಾವೆ ಬೇರೆ. ಪಹಾಂಗಿನ ಕಡೆಯ ಒಂದು ಜಾಗ ಅಂದವರೂ ಇದ್ದಾರೆ. ಇದು ಇನ್ನೂ ತೀರ್ಮಾನ ಆಗಿಲ್ಲ. ಹಸ್ತಪ್ರತಿಗಳೂ ಒಂದೇ ಥರ ಇಲ್ಲ. ರಾಫೆಲ್ಸ್ 18 ಅಂತ ಕರೆಯೋದು ಲಂಡನ್ನಿನಲ್ಲಿದೆ, ಪಾಠ ಹಳೆಯದು, ಪ್ರತಿ ಮಾತ್ರ ಹತ್ತೊಂಬತ್ತನೇ ಶತಮಾನದ್ದು. ಎಲ್ಲರೂ ತುನ್ ಶ್ರೀ ಲಾನಂಗ್ ಬರೆದದ್ದು ಅಂತಾರೆ, ಆದರೆ ಅವನಿಗಿಂತ ಮುಂಚೆಯೇ ಒಂದು ಪಾಠ ಇತ್ತು ಅಂತ ಆ ಗೋವಾ ಮಾತಿನಿಂದಲೇ ಗೊತ್ತಾಗುತ್ತೆ.

ತುಂಗಭದ್ರೆ
ಮಲಯ ಬರಹಗಳಲ್ಲಿ ವಿಜಯನಗರ ಬರುತ್ತೆ ಅಂತ ಕೇಳಿದ್ದೆ. ನಿಜವಾ?

ನೆಲ್ಲಿಕಟ್ಟೆ
ನಿಜ! ಸೆಜಾರಾ ಮೆಲಾಯುವಿನಲ್ಲಿ ಆ ಗಾಜಿನ ಪೆಟ್ಟಿಗೆಯ ರಾಜ ಸಮುದ್ರದಿಂದ ವಾಪಸ್ ಬಂದು, ಕ್ಲಿಂಗ್ ದೇಶದಲ್ಲಿ ಕಪ್ಪು ಕಲ್ಲಿನ ಕೋಟೆ ಇರುವ ದೊಡ್ಡ ಪಟ್ಟಣ ಕಟ್ಟುತ್ತಾನೆ. ಅದರ ಹೆಸರು ಬಿಜನಗರ. ಹಾಂಗ್ ತುವಾ ಹಿಕಾಯತ್ತಿನಲ್ಲಂತೂ ವೀರ ಹಾಂಗ್ ತುವಾ ದೂತನಾಗಿ ಬಿಜಯ ನಗರಂಗೆ ಬರುತ್ತಾನೆ, ಅಲ್ಲಿನ ರಾಜ ಕಿಸ್ನ ರಾಯನ್. ನಮ್ಮ ಕೃಷ್ಣರಾಯ!

ಶಾಸನಪ್ರಿಯ
ಹಾಂಗ್ ತುವಾ ಇದ್ದದ್ದು ಮನ್ಸೂರ್ ಶಾ ಕಾಲದಲ್ಲಿ ಅಂತಾರೆ. ಮನ್ಸೂರ್ ಸತ್ತಿದ್ದು 1477. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509. ಚೋಳರು ಮಲಯ ಕಡೆಯ ಕಡಾರದ (ಕೆದಾ) ಮೇಲೆ ಮಾಡಿದ ದಾಳಿ 1025ರದ್ದು, ವಿಜಯನಗರ 1336ರದ್ದು. ಹೇಗೆ ಹೊಂದಿಸುತ್ತೀರಿ? 2012ರಲ್ಲಿ ಹಿರಿಯ ಇತಿಹಾಸಕಾರ ಖೂ ಕೇ ಕಿಮ್ ಹಾಂಗ್ ತುವಾ ಇದ್ದದ್ದಕ್ಕೇ ಪುರಾವೆ ಇಲ್ಲ ಅಂದಾಗ ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

ನೆಲ್ಲಿಕಟ್ಟೆ
ಹೊಂದಿಸುತ್ತಿಲ್ಲ ಸರ್. ಭೇಟಿ ಆಗಿಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಹದಿನೇಳನೇ ಶತಮಾನದ ಮಲಯ ಕಥೆಗಾರನಿಗೆ, ತಾಳಿಕೋಟೆ ಆಗಿ ಅಷ್ಟು ಕಾಲ ಕಳೆದ ಮೇಲೂ, ಭಾರತದ ದೊಡ್ಡ ರಾಜ ಅಂದ ಕೂಡಲೇ ಬಾಯಿಗೆ ಬಂದ ಹೆಸರು ಕೃಷ್ಣರಾಯ. ಆ ಹೆಸರನ್ನು ಅಲ್ಲಿಗೆ ಒಯ್ದವರು ಯಾರು? ಬಟ್ಟೆ ಮಾರಲು ಹೋದ ವ್ಯಾಪಾರಿಗಳು ತಾನೆ. ಅದೂ ಇತಿಹಾಸವೇ.

ಸಿಂಗಾಪುರ_ಸೀನು
ಹಾಂಗ್ ತುವಾ ವಿಷಯದಲ್ಲಿ ಒಂದು ಸೇರಿಸ್ತೀನಿ. ರಿಯುಕ್ಯು, ಅಂದರೆ ಈಗಿನ ಓಕಿನಾವಾ, ಅಲ್ಲಿನ ರಾಜರು ಮಲಕ್ಕಾಗೆ ಬರೆದ ಪತ್ರಗಳ ನಕಲು ಉಳಿದಿವೆ, 1463ರಿಂದ 1511ರ ತನಕ. ಅದರ ಜೊತೆ ಮಲಕ್ಕಾದ ಲಕ್ಸಮಾನ ಬರೆದ ಪತ್ರವೂ ಇದೆ. ಲಕ್ಸಮಾನ ಅಂದರೆ ನೌಕಾಪಡೆಯ ಮುಖ್ಯಸ್ಥ, ನಮ್ಮ ರಾಮಾಯಣದ ಲಕ್ಷ್ಮಣನ ಹೆಸರು. ಕೆಲವರು ಅವನೇ ಹಾಂಗ್ ತುವಾ ಅಂತಾರೆ. ಪತ್ರದಲ್ಲಿರೋದು ಹುದ್ದೆ ಮಾತ್ರ, ಹೆಸರಿಲ್ಲ.

ತುಂಗಭದ್ರೆ
ಬೆಂದಹಾರ ಅಂದರೆ ಭಂಡಾರ, ಶಾಬಂದರ್ ಅಂದರೆ ಬಂದರಿನವನು. ಅರ್ಧ ಪದ ನಮಗೆ ಹಾಗೇ ಅರ್ಥ ಆಗುತ್ತೆ!

ಕ್ಲಾಂಗ್_ಕನ್ನಡತಿ
ಇಡೀ ಚರ್ಚೆಯನ್ನು ನಿನ್ನೆ ಮಗಳಿಗೆ ಓದಿ ಹೇಳಿದೆ. ಅವಳು ಒಂದು ಹಾಳೆ ತೆಗೆದುಕೊಂಡು ಯಾರು ಯಾವಾಗ ಬರೆದರು ಅಂತ ಗೆರೆ ಹಾಕಿಕೊಂಡಳು. 1403ಕ್ಕೆ ಚೀನಾದ ದೂತ, 1512ಕ್ಕೆ ಪಿರೆಸ್, 1612ಕ್ಕೆ ಸೆಜಾರಾ ಮೆಲಾಯು. ಆ ಹಾಳೆಯನ್ನು ಟೀಚರಿಗೆ ತೋರಿಸಿದ್ದಾಳೆ. ಅಂಕ ಸಿಗಲಿಲ್ಲ, ಆದರೆ ತರಗತಿಯಲ್ಲಿ ಹತ್ತು ನಿಮಿಷ ಮಾತಾಡು ಅಂದಿದ್ದಾರಂತೆ. ಅವಳು ಮಾತಾಡೋದು ಬಾಳೆ ದಿಂಡಿನ ಹುಡುಗನ ಬಗ್ಗೆ. ಅವನ ಹೆಸರು ಏನು ಅಂತ ಕೇಳುತ್ತಿದ್ದಾಳೆ.

ಕೈಫಿಯತ್ತು
ತಾಯೀ, ಸೆಜಾರಾ ಮೆಲಾಯುವಿನಲ್ಲಿ ಅವನಿಗೆ ಹೆಸರಿಲ್ಲ. ಬರೀ ಒಬ್ಬ ಹುಡುಗ ಅಂತಿದೆ. ಹಾಂಗ್ ನದಿಮ್ ಅಂತ ಈಗ ಎಲ್ಲ ಕಡೆ ಹೇಳುತ್ತಾರೆ. ಆದರೆ ಆ ಪುಸ್ತಕದಲ್ಲಿ ಹಾಂಗ್ ನದಿಮ್ ಬೇರೆಯವನು, ಬಹಳ ಕಾಲದ ನಂತರದ ಲಕ್ಸಮಾನ. ಜನ ಆಮೇಲೆ ಆ ಹೆಸರನ್ನು ಹುಡುಗನಿಗೆ ಕೊಟ್ಟರು. ತರಗತಿಯಲ್ಲಿ ಎರಡನ್ನೂ ಹೇಳಲಿ.